ಅಜ್ಜನ ಉಸಿರಿನ ಯಂತ್ರಕ್ಕೆ ಹಚ್ಚಿದ್ದು

ನಿಮ್ಮ ಅಜ್ಜ ನೀರಿನೊಳಗೆ ಉಸಿರಾಡುತ್ತಿದ್ದರು ಅಂದರೆ ನೀವು ಮೂವರೂ ನಗುತ್ತೀರಿ. ಮೂಡಿಗೆರೆಯ ಕಾಫಿ ತೋಟದ ನಡುವೆ ಸಮುದ್ರ ಎಲ್ಲಿಂದ ಬಂತು ಅಜ್ಜಿ ಅಂತ ದೊಡ್ಡವಳು ಕೇಳಿದ್ದಳು. ಎದುರು ಕೂತು ಹೇಳುವುದು ನನಗೆ ಬರುವುದಿಲ್ಲ. ಕಳಸದ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಓದಿದವಳು ನಾನು. ಅಲ್ಲೂ ಗೊತ್ತಿದ್ದ ಉತ್ತರವನ್ನು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆನೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಇದನ್ನೂ ಬರೆದೇ ತೋರಿಸುತ್ತೇನೆ.

ಮದುವೆಗೆ ಮುಂಚೆ ಅಜ್ಜ ಮಂಗಳೂರಿನ ಬಂದರಿನಲ್ಲಿ ಮುಳುಗುವ ಕೆಲಸದಲ್ಲಿದ್ದರು. ಹಡಗಿನ ಅಡಿಗೆ ಅಂಟಿದ ಚಿಪ್ಪು ಕೆರೆಯುವುದು, ಕಳಚಿ ಬಿದ್ದ ಸರಪಳಿ ಹುಡುಕುವುದು. ಅವರ ತಂದೆ ತೀರಿಕೊಂಡ ಮೇಲೆ ಊರಿಗೆ ಬಂದು ಎರಡು ಎಕರೆ ರೋಬಸ್ಟಾ ತೋಟವನ್ನೂ, ರಸ್ತೆ ಪಕ್ಕದ ಪಂಪ್‌ಸೆಟ್ ರಿಪೇರಿ ಅಂಗಡಿಯನ್ನೂ ನೋಡಿಕೊಂಡರು. ಬರುವಾಗ ಬಂದರಿನ ಹಳೇ ಸಾಮಾನು ಮಾರುವವರಿಂದ ಒಂದು ಗಾಳಿ ಸಿಲಿಂಡರನ್ನೂ, ಒಂದು ರೆಗ್ಯುಲೇಟರನ್ನೂ ತಂದಿದ್ದರು. ಸಿಲಿಂಡರಿನ ಗಾಳಿ ಹಾಗೇ ಬಿಟ್ಟರೆ ಎದೆ ಒಡೆಯುವಷ್ಟು ಜೋರು. ಅದನ್ನು ಪಳಗಿಸಿ, ಬಾಯಲ್ಲಿ ಎಳೆದಾಗ ಎಳೆದಷ್ಟೇ ಬಿಡುವುದು ರೆಗ್ಯುಲೇಟರಿನ ಕೆಲಸ. ಮುಷ್ಟಿಯಷ್ಟು ದೊಡ್ಡ ಹಿತ್ತಾಳೆ ತುಂಡು, ಒಂದು ಕಪ್ಪು ಪೈಪು, ಬಾಯಿಗೆ ಕಚ್ಚಿಕೊಳ್ಳುವ ಒಂದು ರಬ್ಬರು. ಒಳಗೆ ಕಿವಿಯ ಓಲೆಯಷ್ಟು ಚಿಕ್ಕ ರಬ್ಬರ್ ಉಂಗುರಗಳು. ಆ ಉಂಗುರಗಳು ಜಾರುತ್ತಿರಬೇಕು, ಆದರೆ ಸೋರಬಾರದು. ಇಷ್ಟು ತಿಳಿದುಕೊಂಡರೆ ಸಾಕು, ಮುಂದಿನದ್ದು ಅರ್ಥವಾಗುತ್ತದೆ.

ನಮ್ಮ ಕಡೆ ಆ ಯಂತ್ರಕ್ಕೆ ಕೆಲಸ ಬರುತ್ತಿದ್ದುದು ವರ್ಷಕ್ಕೊಮ್ಮೆ. ಕಾಫಿ ಮೊಗ್ಗು ಬಲಿತು ನಿಂತಾಗ ಹೂಮಳೆ ಬೀಳಬೇಕು. ಬೀಳದಿದ್ದರೆ ಸ್ಪ್ರಿಂಕ್ಲರ್ ಓಡಿಸಿ ನಾವೇ ಮಳೆ ಮಾಡಬೇಕು. ತಡವಾದರೆ ಮೊಗ್ಗು ಗಿಡದಲ್ಲೇ ಸುಟ್ಟು ಕರಿಯಾಗುತ್ತದೆ, ಆ ವರ್ಷದ ಬೆಳೆ ಅಲ್ಲಿಗೆ ಮುಗಿಯಿತು. ಅಂಥ ಹೊತ್ತಿನಲ್ಲಿ ಎಸ್ಟೇಟಿನ ಕೆರೆಯಲ್ಲಿ ನೀರೆಳೆಯುವ ಪೈಪಿನ ಬಾಯಿ ಕೆಸರು ಕಟ್ಟಿಕೊಂಡರೆ ಕೆರೆ ಖಾಲಿ ಮಾಡಿ ನೋಡುವ ಹಾಗಿಲ್ಲ, ಆ ನೀರೇ ಬೇಕಲ್ಲ. ಆಗ ಅಜ್ಜನನ್ನು ಕರೆಯುತ್ತಿದ್ದರು. ಆಳುಗಳು ಅವರಿಗೆ ಮೊಸಳೆ ಗೌಡ್ರು ಅಂತಲೇ ಹೆಸರಿಟ್ಟಿದ್ದರು.

ತೊಂಬತ್ತರ ದಶಕದ ಕೊನೆಯ ಒಂದು ವರ್ಷ. ನಿಮ್ಮ ಅಮ್ಮ ಆಗ ಹೈಸ್ಕೂಲು. ನಮ್ಮ ಪಕ್ಕದ ದೊಡ್ಡ ಎಸ್ಟೇಟಿನಲ್ಲಿ ಹಿಂದಿನ ಮಳೆಗಾಲದಲ್ಲಿ ಧರೆ ಕುಸಿದು, ಒಂದು ಮರ ಬೇರು ಸಮೇತ ಕೆರೆಗೆ ಇಳಿದು ಪೈಪಿನ ಮೇಲೆ ಕೂತಿತ್ತು. ಅದು ಯಾರಿಗೂ ಗೊತ್ತಾಗಿರಲಿಲ್ಲ. ಫೆಬ್ರವರಿಯಲ್ಲಿ ಇಂಜಿನ್ ಚಾಲೂ ಮಾಡಿದಾಗಲೇ ಗೊತ್ತಾದದ್ದು. ಹಗ್ಗ ಕಟ್ಟಿ ಎಳೆದರೆ ಪೈಪೇ ಮುರಿಯುತ್ತದೆ. ಕೆಳಗಿಳಿದು ಬೇರನ್ನು ಒಂದೊಂದಾಗಿ ಗರಗಸದಲ್ಲಿ ಕುಯ್ಯಬೇಕು. ನಮ್ಮ ಎರಡು ಎಕರೆಗೂ ನೀರು ಬರುತ್ತಿದ್ದುದು ಆ ಕೆರೆಯಿಂದಲೇ. ದೊಡ್ಡ ತೋಟಕ್ಕೆ ಹೊಡೆದು ಮುಗಿದ ಮೇಲೆ ಬೇಲಿ ಪಕ್ಕದ ಸಣ್ಣ ಹಿಡುವಳಿಯವರಿಗೂ ಒಂದೊಂದು ಪಾಳಿ ಪೈಪು ತಿರುಗಿಸಿ ಕೊಡುವುದು ಅಲ್ಲಿ ಹಿಂದಿನಿಂದ ನಡೆದು ಬಂದ ಪದ್ಧತಿ. ಹಾಗಾಗಿ ಆಗುವುದಿಲ್ಲ ಅನ್ನುವ ಮಾತೇ ಇರಲಿಲ್ಲ.

ಆದರೆ ರೆಗ್ಯುಲೇಟರಿಗೆ ಹಚ್ಚುವ ಗ್ರೀಸು ಮುಗಿದು ಹೋಗಿತ್ತು. ಬಂದರಿನಿಂದ ತಂದ ಪುಟ್ಟ ಟ್ಯೂಬನ್ನು ಅಜ್ಜ ಕೊನೆಯ ಚೂರಿನ ತನಕ ಹಿಂಡಿದ್ದರು. ಹೊಸದು ಹೊರದೇಶದಿಂದ ಬರಬೇಕು, ಬೆರಳಷ್ಟು ಟ್ಯೂಬಿಗೆ ಕೇಳಿದ ಬೆಲೆ ನಮ್ಮಂಥವರದ್ದಲ್ಲ. ಆಗ ಅವರು ನಮ್ಮ ಅಂಗಡಿಯ ಹಳೇ ಕ್ರಮ ಹಿಡಿದರು. ತೋಟಕ್ಕೆ ಮೈಲುತುತ್ತು ಔಷಧಿ ಹೊಡೆಯುವ ಯಂತ್ರಗಳು ರಿಪೇರಿಗೆ ಬಂದಾಗ ಅವುಗಳ ಚರ್ಮದ ವಾಷರನ್ನು ಹರಳೆಣ್ಣೆಯಲ್ಲಿ ನೆನೆಸಿ ಹಾಕುವುದು ಅವರ ತಂದೆಯ ಕಾಲದ್ದು. ಚರ್ಮಕ್ಕೂ ಹರಳೆಣ್ಣೆ, ರಬ್ಬರಿಗೂ ಹರಳೆಣ್ಣೆ. ಅದನ್ನೇ ಉಂಗುರಕ್ಕೆ ಹಚ್ಚಿಕೊಂಡು ಇಳಿದರು.

ಮೊದಲನೇ ದಿನ ಚೆನ್ನಾಗಿತ್ತು ಅಂದರು. ಆಮೇಲೆ ಸಿಲಿಂಡರ್ ಮಂಗಳೂರಿಗೆ ಹೋಗಿ ಗಾಳಿ ತುಂಬಿಕೊಂಡು ಬರುವ ತನಕ ಯಂತ್ರ ಒಂದು ವಾರ ಅಂಗಡಿಯಲ್ಲಿ ನೇತಾಡುತ್ತಿತ್ತು. ಮತ್ತೆ ಇಳಿದ ದಿನ ಮಧ್ಯಾಹ್ನ ಊಟಕ್ಕೆ ಬಂದವರು ಅನ್ನ ಮುಟ್ಟಲಿಲ್ಲ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ಏನಾಯ್ತು?" ಅಂದೆ.

"ಏನಿಲ್ಲ. ಎಳೆದ್ರೆ ಬರ್ಲಿಲ್ಲ."

"ಏನು ಬರ್ಲಿಲ್ಲ?"

"ಗಾಳಿ ಮಾರಾಯ್ತಿ, ಇನ್ನೇನು! ಅಂಟಿಕೊಂಡುಬಿಟ್ಟಿತ್ತು. ಗರಗಸ ಅಲ್ಲೇ ಬಿಟ್ಟು ಬಂದೆ."

ಜಗಲಿಯ ಮೇಲೆ ಯಂತ್ರ ಬಿಚ್ಚಿದರು. ಹರಳೆಣ್ಣೆ ಹಲಸಿನ ಮೇಣದ ಹಾಗಾಗಿತ್ತು. ಹಿತ್ತಾಳೆ ಹಸಿರು ಹಿಡಿದಿತ್ತು. ಉಂಗುರವನ್ನು ಉಗುರಿನಿಂದ ಕೀಳಬೇಕಾಯಿತು. ಅವರ ಬೆರಳು ದಪ್ಪ, ನಾನೇ ಕಿತ್ತೆ. ಇದರ ಹಿಂದೆ ಅವರ ಉಸಿರು ನಿಂತಿತ್ತಲ್ಲ ಅಂತ ಅನ್ನಿಸಿದ್ದೇ ಉಂಗುರ ಕೈ ಜಾರಿ ಕೆಳಗೆ ಬಿತ್ತು. ಅವರು ಅದನ್ನು ಹೆಕ್ಕಿಕೊಂಡು, "ಸೋಮವಾರ ಮತ್ತೆ ಇಳೀಬೇಕು, ಮೊಗ್ಗು ಕಾಯಲ್ಲ," ಅಂದರು.

ಹೋಗಬೇಡಿ ಅಂತ ನಾನು ಹೇಳಿದೆ. ಮದುವೆಯಾದ ಮೇಲೆ ಅವರಿಗೆ ಬೇಡ ಅಂತ ಹೇಳಿದ್ದು ಅದೇ ಮೊದಲು. ಅವರು ಸಿಟ್ಟು ಮಾಡಲಿಲ್ಲ. "ಹಂಗಾದ್ರೆ ಮರಾನೇ ಮೇಲೆ ಬಾ ಅಂತ ಕರಿ," ಅಂದರು. ಅದಕ್ಕಿಂತ ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ಎಸ್ಟೇಟಿನ ರೈಟರು, ಅಂದರೆ ಅಲ್ಲಿನ ಲೆಕ್ಕಪತ್ರ ನೋಡುವವರು, ವಿಚಾರಿಸಲು ಬಂದರು. ಕಾಫಿ ಕೊಟ್ಟು ನಾನು ಬಾಗಿಲ ಹಿಂದೆ ನಿಂತೆ.

"ಗೌಡ್ರೆ, ಮಂಗಳೂರಿಗೆ ಹೋಗಿ ಗಾಳಿ ತುಂಬಿಸೋದ್ಯಾಕೆ? ಇಲ್ಲೇ ವೆಲ್ಡಿಂಗ್ ಅಂಗಡೀಲಿ ಆಕ್ಸಿಜನ್ ಇದೆ. ಇನ್ನೂ ಒಳ್ಳೇದಲ್ವಾ?"

"ಒಳ್ಳೇದೇ. ಎಣ್ಣೆ ಜಿಡ್ಡು ಇರೋ ಕಡೆ ಆಕ್ಸಿಜನ್ ನುಗ್ಗಿಸಿದ್ರೆ ಹತ್ಕೊಂಡು ಉರಿಯುತ್ತೆ. ಉರೀದೆ ಹೋದ್ರೂ ಆ ಆಳದಲ್ಲಿ ಅದು ವಿಷ. ನೀವೇ ಇಳೀತೀರಾ?"

"ಅಯ್ಯೋ, ನಂಗೆ ಈಜೇ ಬರಲ್ಲ ಮಾರಾಯ್ರೆ!"

"ಅದಕ್ಕೆ ಈಜು ಬೇಕಾಗಿಲ್ಲ. ನೇರ ಮೇಲಕ್ಕೇ ಹೋಗ್ತೀರಿ."

ಇಬ್ಬರೂ ನಕ್ಕರು.

ರೈಟರು ಹೋದ ಮೇಲೆ ನಾನು ಅಡುಗೆಮನೆಯಲ್ಲಿ ಒಂದು ಕೆಲಸ ಮಾಡಿದೆ. ಅದು ಮಾವಿನ ಮಿಡಿ ಹಾಕುವ ಕಾಲ. ಉಪ್ಪು ಸರಿಯಿದೆಯೋ ಇಲ್ಲವೋ ಅಂತ ಭರಣಿ ತುಂಬುವ ಮುಂಚೆ ಎರಡು ಮಿಡಿ ಬೇರೆ ನೆನೆಸಿ ನೋಡುವುದು ನಮ್ಮ ಅಭ್ಯಾಸ. ಹಾಗೇ ಅಜ್ಜನ ಡಬ್ಬದಲ್ಲಿದ್ದ ಹಳೇ ಉಂಗುರಗಳನ್ನು ಒಂದೊಂದು ಬಟ್ಟಲಲ್ಲಿ ನೆನೆಸಿಟ್ಟೆ. ಒಂದಕ್ಕೆ ಕೊಬ್ಬರಿ ಎಣ್ಣೆ, ಒಂದಕ್ಕೆ ಇಂಜಿನ್ನಿನ ಗ್ರೀಸು, ಒಂದಕ್ಕೆ ಚಳಿಗಾಲದಲ್ಲಿ ತುಟಿಗೆ ಹಚ್ಚುವ ಜೆಲ್ಲಿ. ಒಂದನ್ನು ಏನೂ ಹಚ್ಚದೆ ಪಕ್ಕದಲ್ಲಿಟ್ಟೆ. ಮೂರು ದಿನ ಬಿಟ್ಟು ನೋಡಿದರೆ ಗ್ರೀಸಿನದ್ದೂ ಜೆಲ್ಲಿಯದ್ದೂ ಊದಿ, ಏನೂ ಹಚ್ಚದೆ ಇಟ್ಟಿದ್ದರ ಪಕ್ಕದಲ್ಲಿ ತಮ್ಮನ ಪಕ್ಕ ನಿಂತ ಅಣ್ಣಂದಿರ ಹಾಗೆ ಕಾಣುತ್ತಿದ್ದವು. ಕೊಬ್ಬರಿ ಎಣ್ಣೆಯದ್ದು ಮೆತ್ತಗಾಗಿತ್ತು, ಕಮಟು ವಾಸನೆ ಬೇರೆ. ಮನೆಯಲ್ಲಿದ್ದ ಯಾವುದೂ ಆಗುವುದಿಲ್ಲ ಅಂತಾಯಿತು.

ಅಜ್ಜ ಬಟ್ಟಲಿನ ಉಂಗುರಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಆಮೇಲೆ ಅಂದರು, "ಹಳೇ ಟ್ಯೂಬಲ್ಲಿ ಇದ್ದದ್ದು ಸಿಲಿಕೋನ್ ಗ್ರೀಸು. ಬಣ್ಣ ಇಲ್ಲ, ವಾಸನೆ ಇಲ್ಲ, ನೀರಲ್ಲಿ ತೊಳೆದು ಹೋಗಲ್ಲ, ಈ ರಬ್ಬರನ್ನ ತಿನ್ನಲ್ಲ. ಅಂಥದ್ದು ಚಿಕ್ಕಮಗಳೂರಲ್ಲಿ ಎಲ್ಲಾದ್ರೂ ಸಿಕ್ಕಬಹುದೇನೋ. ನಾಳೆ ನಾನು ಗಾಳಿ ತುಂಬಿಸೋಕೆ ಮಂಗಳೂರಿಗೆ ಹೋಗ್ಬೇಕು."

"ಸಿಕ್ಕದೆ ಹೋದ್ರೆ?"

"ಹರಳೆಣ್ಣೇನೇ ತೆಳ್ಳಗೆ ಹಚ್ಕೊಂಡು ಇಳೀತೀನಿ. ಅವತ್ತವತ್ತೇ ತೊಳೆದ್ರಾಯ್ತು."

ಅದು ಶುಕ್ರವಾರ. ಶನಿವಾರ ಬೆಳಗ್ಗೆ ಅವರು ಸಿಲಿಂಡರನ್ನು ಗೋಣಿಯಲ್ಲಿ ಸುತ್ತಿಕೊಂಡು ಚಾರ್ಮಾಡಿ ಘಾಟಿಯ ಬಸ್ಸು ಹತ್ತಿದರು. ನಾನು ಒಂದು ಉಂಗುರವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಚಿಕ್ಕಮಗಳೂರಿನ ಬಸ್ಸು ಹತ್ತಿದೆ. ಅಲ್ಲಿಯವರೆಗೆ ನಾನು ಒಬ್ಬಳೇ ಪೇಟೆಗೆ ಹೋದವಳಲ್ಲ. ಸೀರೆ ಅಂಗಡಿಯಲ್ಲೂ ಅವರೇ ಮಾತಾಡುತ್ತಿದ್ದರು. ದಾರಿಯುದ್ದಕ್ಕೂ ಸಿಲಿಕೋನ್, ಸಿಲಿಕೋನ್ ಅಂತ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದೆ. ಪಕ್ಕದ ಹೆಂಗಸು ಹೊರನಾಡಿಗೆ ಹರಕೆ ಹೊತ್ತಿದ್ದೀರಾ ಅಂತ ಕೇಳಿದಳು. ಹೌದು ಅಂದುಬಿಟ್ಟೆ.

ಮೊದಲು ಹೊಕ್ಕಿದ್ದು ಗಾಡಿ ಸಾಮಾನಿನ ಅಂಗಡಿ.

"ಗ್ರೀಸಾ? ಯಾವ ಗಾಡಿಗಮ್ಮ?"

"ಗಾಡಿಗಲ್ಲ."

"ಮತ್ತೆ?"

"ಉಸಿರಾಡೋದಕ್ಕೆ."

ಅವನು ಒಳಗೆ ಕೂತಿದ್ದವನ ಕಡೆ ತಿರುಗಿದ. "ಕೇಳಿದ್ಯೇನೋ ಮಾರಾಯ? ಗ್ರೀಸ್ ಹಚ್ಕೊಂಡು ಉಸಿರಾಡ್ತಾರಂತೆ! ಲಾರಿ ಅಂದ್ಕೊಂಡಿದಾರೆ ತಮ್ಮನ್ನ."

ಸೆರಗಿನ ಗಂಟು ಬಿಚ್ಚದೆಯೇ ಹೊರಗೆ ಬಂದೆ. ಔಷಧಿ ಅಂಗಡಿಯಲ್ಲಿ ಎದೆಗೆ ಹಚ್ಚುವ ಮುಲಾಮು ತೋರಿಸಿದರು. ಸೈಕಲ್ ಅಂಗಡಿಯವನು ತಲೆಯನ್ನೇ ಎತ್ತಲಿಲ್ಲ. ಬಿಸಿಲು ಏರಿತ್ತು. ಯಾರಾದರೂ ಮಾತಾಡಿಸಿದರೆ ಅತ್ತುಬಿಡುತ್ತೇನೆ ಅನ್ನಿಸುತ್ತಿತ್ತು.

ಮಾರ್ಕೆಟ್ ರಸ್ತೆಯ ಹಾರ್ಡ್‌ವೇರ್ ಅಂಗಡಿಯವರು ಮಾತ್ರ ಆ ಪದವನ್ನು ಗುರುತು ಹಿಡಿದರು. "ಸಿಲಿಕೋನ್ ತಾನೆ? ಇದೆಯಲ್ಲ!" ಅಂತ ಒಂದು ಟ್ಯೂಬು ತೆಗೆದು ಮುಂದಿಟ್ಟರು. ಬಣ್ಣವಿಲ್ಲ. ನೀರು ತಾಗಿದರೂ ಹೋಗಲ್ಲ ಅಂದರು. ಬೆಲೆಯೂ ನನ್ನ ಕೈಗೆ ಎಟುಕುವಂಥದ್ದೇ. ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಸೆರಗಿನ ಗಂಟು ಬಿಚ್ಚಿ ಉಂಗುರ ತೋರಿಸಿ, ಇದರ ಮೇಲೆ ಒಂಚೂರು ಹಾಕಿ ಅಂದೆ. ಹಾಕಿದರು. ಕೆಟ್ಟ ಉಪ್ಪಿನಕಾಯಿಯ ಹಾಗೆ ಹುಳಿ ವಾಸನೆ. ಅವರು ಬೇರೆ ಗಿರಾಕಿಗೆ ಮೊಳೆ ತೂಗಿ ಬರುವಷ್ಟರಲ್ಲಿ ನಾನು ಬೆರಳು ಆಡಿಸಿ ನೋಡಿದೆ. ಮೇಲೆ ಕೆನೆ ಕಟ್ಟಿತ್ತು. ಇನ್ನೂ ಸ್ವಲ್ಪ ಹೊತ್ತು ಕಾದೆ. ಕೆನೆ ಚರ್ಮವಾಯಿತು.

"ಇದು ಒಣಗುತ್ತಲ್ಲ?"

"ಒಣಗ್ಲೇಬೇಕಲ್ಲಮ್ಮ, ಕಿಟಕಿ ಗಾಜು ಅಂಟಿಸೋದು ಇದು! ಒಂದು ದಿನ ಬಿಟ್ರೆ ಆನೆ ಎಳೆದ್ರೂ ಬರಲ್ಲ."

ಕೌಂಟರನ್ನು ಹಿಡಿದುಕೊಂಡೆ. ಅದೇ ಹೆಸರು, ಅದೇ ಬಣ್ಣ. ವಾಸನೆ ನೋಡದೆ, ಹಾಕಿಸಿ ನೋಡದೆ ಕೊಂಡುಹೋಗಿದ್ದರೆ ಅಂತ ಯೋಚಿಸುವುದಕ್ಕೂ ಆಗಲಿಲ್ಲ. ನನ್ನ ಮುಖ ನೋಡಿ ಅವರು ಕೂರಲು ಸ್ಟೂಲು ಕೊಟ್ಟರು, ನೀರು ಕೊಟ್ಟರು. ಆಗ ನಾನು ಹೇಗೋ ಎಲ್ಲವನ್ನೂ ಹೇಳಿದೆ. ಕೆರೆ, ಮರ, ಅಂಟಿಕೊಂಡ ಹರಳೆಣ್ಣೆ, ಸೋಮವಾರ. ಅಪರಿಚಿತರೆದುರು ಅಷ್ಟು ಮಾತು ನಾನು ಆಡಿದ್ದು ಜೀವಮಾನದಲ್ಲಿ ಅದೇ ಮೊದಲು. ಅವರು ನಗಲಿಲ್ಲ. "ಹಾಲಿನ ಸೊಸೈಟಿಗಳಿಗೆ ಸಾಮಾನು ಮಾರೋ ಒಂದು ಅಂಗಡಿ ಇದೆ, ಕಾಲೇಜಿನವರೂ ಅಲ್ಲೇ ತಗೊಳೋದು. ಹೋಗಿ ಕೇಳಿ," ಅಂದರು.

ಅದು ಸಣ್ಣ ಅಂಗಡಿ. ಹಾಲು ಅಳೆಯುವ ಗಾಜಿನ ಕೊಳವೆ, ಲ್ಯಾಕ್ಟೋಮೀಟರು, ಕಾಲೇಜಿನ ಪ್ರಯೋಗಕ್ಕೆ ಬೇಕಾದ ಬಾಟಲಿಗಳು. ಹಣೆ ತುಂಬ ವಿಭೂತಿ ಹಚ್ಚಿದ ಯಜಮಾನರು ಕೂತಿದ್ದರು. ನನ್ನ ಮಾತು ಮುಗಿಯುವ ತನಕ ಕೇಳಿ ಎರಡು ಟ್ಯೂಬು ಇಟ್ಟರು.

"ಎರಡೂ ಸಿಲಿಕೋನ್ ಗ್ರೀಸೇ. ಒಣಗಲ್ಲ. ಇದು ಕಾಲೇಜಿನದ್ದು, ಗಾಜಿನ ತಿರುಪಿಗೆ ಹಚ್ಚೋದು. ಇದು ಹಾಲು ಕರೆಯೋ ಯಂತ್ರದ ರಬ್ಬರಿಗೆ."

"ಯಾವುದು ಹೆಚ್ಚು ಬೆಲೆ?"

"ಕಾಲೇಜಿನದ್ದು."

"ಬಾಯಿಗೆ ಹೋದ್ರೆ?"

ಅವರು ಕನ್ನಡಕ ಏರಿಸಿ ಎರಡನ್ನೂ ತಿರುಗಿಸಿ ಓದಿದರು. "ಕಾಲೇಜಿನದ್ರ ಮೇಲೆ ಅದ್ರ ವಿಷಯ ಏನೂ ಬರೆದಿಲ್ಲ, ನಾನು ಸುಳ್ಳು ಹೇಳಲ್ಲ ತಾಯಿ. ಹಾಲಿನದ್ರ ಮೇಲೆ ಆಹಾರಕ್ಕೆ ತಾಗಿದ್ರೆ ತೊಂದ್ರೆ ಇಲ್ಲ ಅಂತ ಬರೆದಿದಾರೆ. ಆದ್ರೆ ಆಕ್ಸಿಜನ್ ಯಂತ್ರಕ್ಕಾದ್ರೆ ಎರಡೂ ಬೇಡ, ಅದಕ್ಕೆ ಬೇರೇನೇ ಬರುತ್ತೆ."

"ಆಕ್ಸಿಜನ್ ಅಲ್ಲ. ಬರೀ ಗಾಳಿ."

"ಹಂಗಾದ್ರೆ ಸರಿ."

ಗಂಟು ಮತ್ತೆ ಬಿಚ್ಚಿದೆ. ಉಂಗುರದ ಮೇಲೆ ಅಂಟಿದ್ದ ಚರ್ಮವನ್ನು ಉಗುರಿನಿಂದ ಸುಲಿದು, ತೊಳೆದು, ಒರೆಸಿ, ಹಾಲಿನದ್ದನ್ನು ಸವರಿ, ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಮಕ್ಕಳು ಕುಡಿಯುವ ಹಾಲು ಇದನ್ನು ಸವರಿಕೊಂಡು ಬರಬಹುದಾದರೆ ಉಸಿರೂ ಬರಬಹುದು ಅನ್ನಿಸಿತು. ವಾಸನೆ ಇಲ್ಲ. ಕೆನೆ ಕಟ್ಟಲಿಲ್ಲ. ನೀರು ಹನಿಸಿದರೆ ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿ ಹೋಯಿತು.

ಅಲ್ಲಿ ಕೂತಿದ್ದಾಗ ಒಂದು ಯೋಚನೆ ಬಂತು. ಇದನ್ನು ಕೊಳ್ಳದೆ ಮನೆಗೆ ಹೋಗಿ ಸಿಕ್ಕಲಿಲ್ಲ ಅಂದುಬಿಟ್ಟರೆ? ಆದರೆ ಸಿಕ್ಕದೆ ಹೋದರೆ ಏನು ಮಾಡುತ್ತೇನೆ ಅಂತ ಅವರು ಹೇಳಿಯಾಗಿತ್ತು. ಅವರನ್ನು ನಿಲ್ಲಿಸುವ ದಾರಿ ನನಗೆ ಇರಲಿಲ್ಲ, ಕೈಯಲ್ಲಿದ್ದದ್ದು ಆ ಟ್ಯೂಬು ಮಾತ್ರ. ಎದ್ದು ಹೋಗಿ ತೆಗೆದುಕೊಂಡೆ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು, ಯಾರಿಗೂ ಕಾಣದ ಹಾಗೆ ಕಿಟಕಿಗೆ ಮುಖ ಮಾಡಿ ಅತ್ತೆ. ಸಿಕ್ಕಿತಲ್ಲ ಅಂತ ಅತ್ತೆನೋ, ಯಾಕಾದರೂ ಸಿಕ್ಕಿತೋ ಅಂತ ಅತ್ತೆನೋ, ಇವತ್ತಿಗೂ ಬಿಡಿಸಿ ಹೇಳಲಾರೆ.

ಭಾನುವಾರ ಅಜ್ಜ ಯಂತ್ರ ಪೂರ್ತಿ ಬಿಚ್ಚಿದರು. ಹಿತ್ತಾಳೆಯ ಹಸಿರು ಅವರ ಬ್ರಷ್ಷಿಗೆ ಬಗ್ಗಲಿಲ್ಲ. ನಾನು ದೇವರ ದೀಪ ತೊಳೆಯುವ ಹಾಗೆ ಹುಣಸೆ ನೀರಿನಲ್ಲಿ ಸ್ವಲ್ಪ ಹೊತ್ತಿಟ್ಟು, ಸೋಪಿನಲ್ಲಿ ತೊಳೆದು, ಕಾದಾರಿದ ನೀರಿನಲ್ಲಿ ಜಾಲಿಸಿ, ಬಿಳಿ ಪಂಚೆಯ ಮೇಲೆ ಒಣಗಿಸಿದೆ. ಹರಳೆಣ್ಣೆಯ ಒಂದು ಎಳೆಯೂ ಉಳಿಯಬಾರದು ಅಂದಿದ್ದರು. ಹಳೇ ಉಂಗುರಗಳನ್ನೆಲ್ಲ ಎಸೆದು ಡಬ್ಬದಲ್ಲಿ ಉಳಿದಿದ್ದ ಹೊಸವನ್ನು ತೆಗೆದರು.

"ಜಾಸ್ತಿ ಹಚ್ಬೇಡ," ಅಂದರು. "ಗ್ರೀಸು ಕಾಣ್ಬಾರ್ದು. ಹೊಳಪು ಕಾಣ್ಬೇಕು ಅಷ್ಟೆ."

ಎರಡು ಬೆರಳ ನಡುವೆ ಉಂಗುರ ಉರುಳಿಸಿ ಹಚ್ಚಿ, ಒಂದೊಂದಾಗಿ ಜಾಗಕ್ಕೆ ಕೂರಿಸಿದೆ. ಅವರು ಸಿಲಿಂಡರಿಗೆ ಜೋಡಿಸಿ, ಸೋಪಿನ ನೊರೆ ಬಳಿದು ಎಲ್ಲೂ ಗುಳ್ಳೆ ಬರುವುದಿಲ್ಲ ಅಂತ ನೋಡಿ, ಬಾಯಿಗೆ ಕಚ್ಚಿ ಎಳೆದರು. ಆಮೇಲೆ ಬಾಯಿಂದ ತೆಗೆದು, "ವಾಸನೇನೇ ಇಲ್ಲ ಕಣೆ," ಅಂದರು. ಚಿಕ್ಕ ಹುಡುಗನ ಹಾಗೆ ಮುಖ ಅರಳಿತ್ತು. ನನಗೆ ಅದನ್ನು ನೋಡಲಾಗಲಿಲ್ಲ.

ಸೋಮವಾರ ನಾನೂ ಕೆರೆ ಏರಿಗೆ ಹೋದೆ. ಗಂಡಸರು ನಿಂತ ಕಡೆ ಹೋಗುವುದು ನನ್ನ ಸ್ವಭಾವವಲ್ಲ. ಆಳುಗಳು ದಾರಿ ಬಿಟ್ಟು, "ಅಮ್ಮಾವ್ರೆ, ಮೊಸಳೆ ಕಾವಲಿಗೆ ಬಂದ್ರಾ?" ಅಂದರು. ಅಜ್ಜ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಹಗ್ಗದ ಈ ತುದಿಯನ್ನು ಮೇಸ್ತ್ರಿ ಹಿಡಿದಿದ್ದ. ನೀರು ಚಹಾ ಬಣ್ಣ. ತಲೆ ಮುಳುಗಿದ ಮೇಲೆ ಕಾಣುವುದು ಗುಳ್ಳೆ ಮಾತ್ರ. ಒಂದು ಗೊಂಚಲು ಬರುತ್ತದೆ, ನಿಲ್ಲುತ್ತದೆ, ಮತ್ತೆ ಒಂದು ಗೊಂಚಲು. ಎರಡರ ನಡುವೆ ನಾನೂ ಉಸಿರು ಹಿಡಿಯುತ್ತಿದ್ದೆ. ಅಜ್ಜ ಹೇಗೆ ಹೋದರು ಅಂತ ನಿಮಗೆ ಗೊತ್ತು. ಎಷ್ಟೋ ವರ್ಷದ ಮೇಲೆ, ಆಸ್ಪತ್ರೆಯ ಹಾಸಿಗೆಯಲ್ಲಿ, ನೀರಿಗೆ ಸಂಬಂಧವೇ ಇಲ್ಲದೆ. ಆದರೆ ಆ ದಿನ ಏರಿಯ ಮೇಲೆ ನಿಂತವಳಿಗೆ ಅದು ಗೊತ್ತಿರಲಿಲ್ಲವಲ್ಲ. ಅಂಗಡಿಯವರು ಓದಿ ಹೇಳಿದ್ದು ತಪ್ಪಾಗಿದ್ದರೆ? ನಾನು ಕೂರಿಸಿದ ಉಂಗುರ ಜಾರಿದ್ದರೆ? ಎಲ್ಲವೂ ನನ್ನ ಬೆರಳಿಂದಲೇ ಹೋದದ್ದು.

ಒಂದು ಸಲ ಗುಳ್ಳೆ ಬಹಳ ಹೊತ್ತು ಬರಲಿಲ್ಲ. ಮೇಸ್ತ್ರಿ ಹಗ್ಗ ಬಿಗಿಮಾಡಿದ. ನನ್ನ ಬಾಯಿಂದ ಒಂದು ಸದ್ದು ಬಂತು, ಏನಂತ ಗೊತ್ತಿಲ್ಲ. ಅಷ್ಟರಲ್ಲಿ ಐದಾರು ಮಾರು ಆಚೆ ನೀರು ಕುದಿದ ಹಾಗೆ ಗುಳ್ಳೆ ಎದ್ದು, ತಲೆ ಕಂಡಿತು. ಮರದ ಆ ಬದಿಗೆ ಹೋಗಿದ್ದರಂತೆ, ಗುಳ್ಳೆ ಕೊಂಬೆಯ ಅಡಿಯಲ್ಲಿ ಸಿಕ್ಕಿಕೊಂಡಿತ್ತಂತೆ.

ದಡಕ್ಕೆ ಬಂದು ಅಂದರು, "ಒಂದು ಬೇರು ಉಳಿದಿದೆ. ಇನ್ನೊಂದ್ಸಲ ಇಳೀಬೇಕು."

ರೈಟರು ಬೇಡ, ನಾಳೆ ನೋಡೋಣ ಅಂದರು. ಅಜ್ಜ ಮೊಗ್ಗಿನ ಕಡೆ ಕೈ ತೋರಿಸಿದರು.

ನಾನು ಬೇಡ ಅನ್ನಲಿಲ್ಲ. ಯಂತ್ರ ಈಸಿಕೊಂಡು, ಬಾಯಿಯ ಕಡೆಯದನ್ನು ಬಿಚ್ಚಿ, ಉಂಗುರವನ್ನು ಬೆರಳಲ್ಲಿ ತಿರುಗಿಸಿ ನೋಡಿದೆ. ಊದಿಲ್ಲ, ಅಂಟಿಲ್ಲ, ಹೊಳಪು ಹಾಗೇ ಇದೆ. ಕೆಸರಿನ ಒಂದು ಕಣ ಕೂತಿತ್ತು. ಸೆರಗಿನಿಂದ ಒರೆಸಿ ಮತ್ತೆ ಜೋಡಿಸಿ ಕೊಟ್ಟೆ. ಸುತ್ತಲೂ ಜನ ನೋಡುತ್ತಿದ್ದರು ಅನ್ನುವುದು ಆಮೇಲೆ ನೆನಪಾಯಿತು.

ಸಂಜೆಯ ಮುಂಚೆ ಬೇರು ತುಂಡಾಗಿ ಪೈಪು ಬಿಡುಗಡೆಯಾಯಿತು. ಇಂಜಿನ್ ಚಾಲೂ ಆಯಿತು, ಗುಡ್ಡದ ಮೇಲೆ ನೀರು ಚಿಮ್ಮಿತು. ನಮ್ಮ ಪಾಳಿ ಕೊನೆಗೆ ಬಂತು, ಮೊಗ್ಗು ಅಷ್ಟು ದಿನ ತಡೆದುಕೊಂಡಿತ್ತು. ತೋಟ ಬೆಳ್ಳಗೆ ಅರಳಿದಾಗ ಎಲ್ಲರೂ ಬಂದು ನೋಡಿದರು. ಹಿಂದಿನ ಸಲ ಅಜ್ಜನಿಗೆ ಏನಾಗಿತ್ತು ಅನ್ನುವುದನ್ನೂ, ಈ ಸಲ ಯಂತ್ರ ಚೆನ್ನಾಗಿ ನಡೆದದ್ದನ್ನೂ ರೈಟರು ಎಲ್ಲ ಕಡೆ ಹೇಳಿದ್ದರು.

ಹೂವು ಉದುರುವ ಮೊದಲೇ ಮಲ್ಲಂದೂರಿನ ಒಂದು ಎಸ್ಟೇಟಿನಿಂದ ಅಜ್ಜನನ್ನು ಕರೆಯಲು ಜೀಪು ಬಂತು. ಅಲ್ಲಿಯ ಕೆರೆ ಇನ್ನೂ ಆಳವಂತೆ. ಅಜ್ಜ ಒಳಗೆ ಬಂದು, "ಆ ಟ್ಯೂಬ್ ಎಲ್ಲಿಟ್ಟಿದೀಯ?" ಅಂದರು. ತೆಗೆದುಕೊಟ್ಟೆ. ಒಂದು ಸಲಕ್ಕೆ ಬೇಕಾಗುವುದು ಅಕ್ಕಿಕಾಳಿನಷ್ಟು. ಅದರಲ್ಲಿ ಅವರು ಇನ್ನೂ ಎಷ್ಟೋ ವರ್ಷ ಇಳಿಯುವುದಕ್ಕೆ ಆಗುವಷ್ಟಿತ್ತು.